ಟರ್ಫ್ ಮೈದಾನದ ನೆಪ

ತೊಂಬತ್ತೇಳರ ಬೇಸಿಗೆಯಲ್ಲಿ ಬದರೀನಾರಾಯಣರ ಮಗಳು ಆರಾಧನಾಗೆ ಹನ್ನೊಂದು ತುಂಬಿತ್ತು. ಚಾಮರಾಜಪೇಟೆಯ ಶಾಲೆಯೊಂದರ ಮೈದಾನದಲ್ಲಿ ದಾಸಪ್ಪ ಎಂಬ ನಿವೃತ್ತ ಡ್ರಿಲ್ ಮಾಸ್ತರು ಬೆಳಿಗ್ಗೆ ಮಕ್ಕಳಿಗೆ ಹಾಕಿ ಕಲಿಸುತ್ತಿದ್ದರು. ಮಣ್ಣಿನ ನೆಲ. ದಿನಾ ಮೊದಲು ಕಲ್ಲು ಆರಿಸಬೇಕು, ಆಮೇಲೆ ಆಟ. ಅಲ್ಲಿ ಆರಾಧನಾಗೆ ಜೊತೆಯಾದವಳು ಯಮುನಾ, ಮಾರ್ಕೆಟ್ಟಿನಲ್ಲಿ ಹೂ ಮಾರುವ ಲಕ್ಕಮ್ಮನ ಮಗಳು. ಇವಳು ತಿರುಗಿ ನೋಡದೆ ಚೆಂಡು ತಳ್ಳಿದರೂ ಅವಳು ಸರಿಯಾಗಿ ಅಲ್ಲೇ ಇರುತ್ತಿದ್ದಳು.

"ಇವರಿಬ್ರನ್ನ ಬೇರೆ ಮಾಡ್ಬೇಡಿ ಸ್ವಾಮಿ," ಎಂದು ಬದರೀನಾರಾಯಣರಿಗೆ ಹೇಳಿದ್ದರು ದಾಸಪ್ಪ. "ಎರಡು ವರ್ಷ ನಂಗೆ ಬಿಡಿ. ಸ್ಟೇಟ್ ಆಡ್ತಾರೆ."

ಊರಿನ ಇನ್ನೊಂದು ತುದಿಯಲ್ಲಿ ಹೊಸ ಹಾಕಿ ಅಕಾಡೆಮಿ ಶುರುವಾಗಿತ್ತು. ಕೃತಕ ಹುಲ್ಲಿನ ಹಸಿರು ಟರ್ಫ್, ಇಂಗ್ಲಿಷ್ ಮಾತಾಡುವ ಕೋಚ್. ಅದರ ಅರ್ಜಿ ತಂದಿಟ್ಟುಕೊಂಡು ಬದರೀನಾರಾಯಣರು ವಾರವಿಡೀ ಹೊಯ್ದಾಡಿದರು. ಒಂದು ಭಾನುವಾರ ಮಗಳನ್ನು ಕರೆತರಲು ಸ್ವಲ್ಪ ಬೇಗ ಹೋದರು. ಹೊಂಗೆ ಮರದಡಿ ಇಬ್ಬರು ಹುಡುಗಿಯರೂ ಲಕ್ಕಮ್ಮ ಕಟ್ಟಿಕೊಟ್ಟ ಒಂದೇ ಡಬ್ಬಿಗೆ ಕೈಹಾಕಿ ಚಿತ್ರಾನ್ನ ತಿನ್ನುತ್ತಿದ್ದರು.

ಅಂದೇ ಅರ್ಜಿ ತುಂಬಿದರು.

"ಯಮುನಾನೂ ಬರ್ತಾಳಾ?"

"ಅವರಿಗೆ ಅಷ್ಟು ದೂರ ಆಗಲ್ಲಮ್ಮ."

ಲಕ್ಕಮ್ಮನನ್ನು ಅವರು ಕೇಳಿಯೇ ಇರಲಿಲ್ಲ.

ಅಕಾಡೆಮಿಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಕಾರಿನಲ್ಲಿ ಬರುವ ಹುಡುಗಿಯರು ತಮ್ಮತಮ್ಮಲ್ಲೇ ಪಾಸ್ ಕೊಟ್ಟುಕೊಳ್ಳುತ್ತಿದ್ದರು. ಆರಾಧನಾ ಇಡೀ ಟರ್ಫ್ ಓಡಿ, ಚೆಂಡು ಮುಟ್ಟದೆ ವಾಪಸ್ಸಾಗುತ್ತಿದ್ದಳು. ಮೊದಲು ತಲೆನೋವು ಎಂದಳು, ಆಮೇಲೆ ಪರೀಕ್ಷೆ ಎಂದಳು, ವರ್ಷ ತುಂಬುವ ಮೊದಲೇ ಬಿಟ್ಟಳು.

"ದಾಸಪ್ಪನವರ ಹತ್ರಾನೇ ಹೋಗು ಮತ್ತೆ," ಎಂದರು ಬದರೀನಾರಾಯಣರು, ಅಳುಕುತ್ತಲೇ.

"ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳು ಮಗಳು. ಆಮೇಲೆ ಮನೆಯಲ್ಲಿ ಹಾಕಿಯ ಮಾತೇ ಬರಲಿಲ್ಲ.

ಎರಡು ಸಾವಿರದ ಆರರಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟದಲ್ಲಿ ರಾಜ್ಯ ತಂಡದ ಫೋಟೋ ಬಂದಿತ್ತು. ಎಡದಿಂದ ಮೂರನೆಯವಳು ಯಮುನಾ. ಬಿ.ಕಾಂ. ಕೊನೆಯ ವರ್ಷದ ಆರಾಧನಾ ಅದನ್ನು ತುಂಬ ಹೊತ್ತು ನೋಡಿದಳು. ಬದರೀನಾರಾಯಣರಿಗೆ ತಡೆಯಲಾಗಲಿಲ್ಲ.

"ನಿನ್ನನ್ನ ಅಕಾಡೆಮಿಗೆ ಸೇರ್ಸಿದ್ದು ಟರ್ಫ್‌ಗೋಸ್ಕರ ಅಲ್ಲಮ್ಮ."

"ಗೊತ್ತಪ್ಪ. ಅವತ್ತು ಯಮುನಾ ಡಬ್ಬೀಲಿ ತಿಂದು ಮನೆಗೆ ಬಂದ್ಮೇಲೆ ನೀನು ಸೋಪು ಹಾಕಿ ಎರಡೆರಡು ಸಲ ನನ್ನ ಕೈ ತೊಳೆಸ್ದೆ."

ಅವರು ತಲೆತಗ್ಗಿಸಿದರು. ಪತ್ರಿಕೆ ಮಡಿಸುತ್ತ ಕೇಳಿದರು, "ಯಮುನಾಗೆ ಏನಂತ ಹೇಳಿದ್ದೆ?"

"ನಾನ್ಯಾಕೆ ಅಲ್ಲಿ ಬಿಡ್ತಿದ್ದೀನಿ ಅಂತ ಅವಳ ಅಪ್ಪ ಅಮ್ಮ ಕೇಳಿದ್ರಂತೆ. ನಂಗೇ ಮಣ್ಣಲ್ಲಿ ಆಡೋದು ಇಷ್ಟ ಇಲ್ಲ ಅಂತ ಅವಳಿಗೆ ಹೇಳ್ದೆ." ಆರಾಧನಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತಿಂದ ಅವಳು ನನ್ನ ಮಾತಾಡಿಸ್ಲಿಲ್ಲ."

ಕ್ಷಮಿಸು ಎನ್ನಬೇಕೆಂದು ಬದರೀನಾರಾಯಣರು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಕಾಲೇಜಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಗೇಟು ದಾಟಿದ್ದಳು.