ಮೊಂಜಿಯಾ ಹಸಿರೋ, ನೀಲಿಯೋ

ಫ್ರಾನ್ಸಿನಲ್ಲಿದ್ದ ಮಗಳು ರೀಮ್ ತನ್ನ ಹಳೆಯ ಫೋನನ್ನು ಊರಿಗೆ ಬರುವವರ ಕೈಲಿ ಕೊಟ್ಟು ಕಳಿಸಿದಾಗ, ಅದರಿಂದ ತನಗೆ ಇಷ್ಟೊಂದು ಉಪಚಾರ ಸಿಗುತ್ತದೆಂದು ಮೊಂಜಿಯಾ ಕನಸಿನಲ್ಲೂ ಎಣಿಸಿರಲಿಲ್ಲ.

ಅಲ್ಲಿಯವರೆಗೆ ಅವಳ ಬಳಿ ಇದ್ದದ್ದು ಗುಂಡಿ ಒತ್ತುವ ಚಿಕ್ಕ ಫೋನು. ಕರೆ ಬಂದರೆ ಎತ್ತುವುದು, ಮಾತು ಮುಗಿದರೆ ಜೇಬಿಗೆ ಹಾಕುವುದು, ಅಷ್ಟೇ. ಆದ್ದರಿಂದಲೇ ಮನೆತನದ ದೊಡ್ಡ ಜಗಳದಲ್ಲಿ ಯಾವ ಕಡೆಗೂ ಸೇರದೆ ಉಳಿದವಳು ಅವಳೊಬ್ಬಳೇ.

ಜಗಳ ಶುರುವಾದದ್ದು ಒಂದು ಫೋಟೋದಿಂದ. ಮೊಂಜಿಯಾ ಮತ್ತು ಅವಳ ತಮ್ಮ ಹಮ್ಮಾದಿ ಇರುವುದು ಪುಟ್ಟ ದ್ವೀಪವೊಂದರಲ್ಲಿ; ಅಕ್ಕ ದಲೀಲಾ ಇರುವುದು ಸಮುದ್ರದಾಚೆ ಸ್ಫಾಕ್ಸ್ ಪಟ್ಟಣದಲ್ಲಿ. ಅವಳ ಮಗನ ಮದುವೆಯಲ್ಲಿ, ತಮ್ಮ ಹಮ್ಮಾದಿಯ ಹೆಂಡತಿ ಬೇಯಾ ಎಲ್ಲರ ಫೋಟೋ ತೆಗೆಯುತ್ತ ಓಡಾಡಿದ್ದಳು. ಅದರಲ್ಲೊಂದು, ದಲೀಲಾ ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಕುರಿಯ ಮೂಳೆ ಹಿಡಿದು ಚೀಪುತ್ತಿರುವುದು. ಬೇಯಾ ಅದನ್ನೂ ಉಳಿದವುಗಳ ಜೊತೆಗೆ ಮನೆತನದ ಗ್ರೂಪಿಗೆ ಹಾಕಿಬಿಟ್ಟಳು. ಬೇಕೆಂದು ಹಾಕಿದಳೋ, ಕೈತಪ್ಪಿ ಹೋಯಿತೋ, ಅದು ಅವಳಿಗೇ ಗೊತ್ತು. ನೆಂಟರಿಷ್ಟರೆಲ್ಲ ಬಿದ್ದು ಬಿದ್ದು ನಕ್ಕರು. ದಲೀಲಾ ಆ ಹಸಿರು ಬಣ್ಣದ ಆ್ಯಪನ್ನೇ ಫೋನಿನಿಂದ ಕಿತ್ತೆಸೆದು, ನೀಲಿ ಬಣ್ಣದ ಇನ್ನೊಂದರಲ್ಲಿ ಬೇರೆ ಗ್ರೂಪು ಕಟ್ಟಿ, ಪಟ್ಟಣದ ನೆಂಟರನ್ನೆಲ್ಲ ಅತ್ತ ಎಳೆದುಕೊಂಡಳು. ದ್ವೀಪದವರು ಬೇಯಾಳ ಜೊತೆ ಹಸಿರಿನಲ್ಲೇ ಉಳಿದರು. ಅಂದಿನಿಂದ ಅತ್ತಿಗೆ ನಾದಿನಿಯರಿಗೆ ಮಾತಿಲ್ಲ. ಇತ್ತಲಿನ ಸುದ್ದಿಯನ್ನು ಅತ್ತ, ಅತ್ತಲಿನದನ್ನು ಇತ್ತ ಹೊತ್ತು ಹಾಕುವ ಕೆಲಸ ಮೊಂಜಿಯಾಳ ಪಾಲಿಗೆ ಬಂದಿತ್ತು.

ಈಗ ಅವಳ ಕೈಗೂ ಸ್ಮಾರ್ಟ್‌ಫೋನು ಬಂತು. ಹಮ್ಮಾದಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: “ಅಕ್ಕಾ, ಇದರ ಹೊಟ್ಟೆ ತುಂಬ ರೀಮ್ ಮದುವೆ ಫೋಟೋಗಳೇ ಇವೆ. ಇನ್ನೊಂದೇ ಒಂದು ಆ್ಯಪಿಗೆ ಜಾಗ ಇರೋದು. ಫೋಟೋ ಅಳಿಸಿದ್ರೆ ಎರಡು ಹಾಕ್ಬಹುದು.”

“ಒಂದು ಫೋಟೋ ಅಳಿಸಿದ್ರೂ ನಿನ್ನ ಕೈ ಮುರೀತೀನಿ,” ಎಂದಳು ಮೊಂಜಿಯಾ.

ಹಾಗಾಗಿ ಒಂದೇ. ಹಸಿರೋ, ನೀಲಿಯೋ?

ಮಾರನೆಯ ದಿನವೇ ಪಕ್ಕದ ಮನೆಯ ಬೇಯಾ ನಡುಗೋಡೆಯ ಮೇಲಿಂದ ಬಿಸಿ ಪಾತ್ರೆಯೊಂದನ್ನು ದಾಟಿಸಿದಳು. ಒಣ ಆಕ್ಟೋಪಸ್ ಹಾಕಿ ಕುದಿಸಿದ ಬಾರ್ಲಿ ಗಂಜಿ, ಮೇಲೆ ಕೆಂಪಗೆ ತೇಲುವ ಹರಿಸ್ಸಾ ಖಾರ.

“ಅತ್ತಿಗೆ, ಹಸಿರೇ ಹಾಕಿಸ್ಕೊಳ್ಳಿ. ಊರಿಗೆ ಊರೇ ಅದರಲ್ಲಿದೆ. ಮೀನಿನವನು, ಔಷಧಿ ಅಂಗಡಿಯವನು, ಇಮಾಮರೂ ಅದರಲ್ಲೇ. ನೀಲಿಯಲ್ಲಿ ಯಾರಿದ್ದಾರೆ? ಬೆಳಿಗ್ಗೆ ಎದ್ದು ಮಲ್ಲಿಗೆ ಹೂವಿನ ಚಿತ್ರ ಕಳಿಸೋರು ಅಷ್ಟೇ.”

“ಉಪ್ಪು ಸ್ವಲ್ಪ ಕಮ್ಮಿ ಆಯ್ತು ಬೇಯಾ. ಯೋಚನೆ ಮಾಡ್ತೀನಿ,” ಎಂದಳು ಮೊಂಜಿಯಾ ಗಂಭೀರವಾಗಿ.

ಸ್ಫಾಕ್ಸಿನಿಂದ ಬಂದ ಹಡಗಿನಲ್ಲಿ ಯಾರದೋ ಕೈಲಿ ದಲೀಲಾಳ ಬಾದಾಮಿ ಮಿಠಾಯಿಯ ಡಬ್ಬಿ ಬಂತು. ಹಿಂದೆಯೇ ಕರೆಯೂ ಬಂತು. “ತಿಂದ್ಯಾ? ನೋಡು, ನಿನಗೆ ಓದು ಬರಹ ನಿಧಾನ. ನೀಲಿಯಲ್ಲಿ ಅಕ್ಷರ ದೊಡ್ಡದು. ಗಡಿಬಿಡಿ ಇಲ್ಲ, ಗಲಾಟೆ ಇಲ್ಲ, ಮರ್ಯಾದಸ್ಥರ ಜಾಗ. ನಾನು ನಿನ್ನ ಒಡಹುಟ್ಟಿದವಳು, ಹೇಳೋದು ಹೇಳಿದೀನಿ.”

“ಯೋಚನೆ ಮಾಡ್ತೀನಿ ಅಕ್ಕಾ.”

ನಿಜ ಹೇಳಬೇಕೆಂದರೆ ಅವಳು ಯೋಚನೆ ಮುಗಿಸಿ ಆಗಿತ್ತು. ರೀಮ್ ಕರೆ ಮಾಡಿದಾಗ ಹೇಳಿದ್ದಳು: “ಅಮ್ಮಾ, ಇಬ್ಬರ ತಂಟೆಗೂ ಹೋಗ್ಬೇಡ. ಕಿತ್ತಳೆ ಬಣ್ಣದ್ದೊಂದಿದೆ, ನಾನೂ ಲಸ್ಸಾದೂ ಅದರಲ್ಲೇ ಮಾತಾಡೋದು. ಪುಕ್ಕಟೆ. ಜಾಹೀರಾತಿಲ್ಲ. ಹತ್ತಿಯ ಹಾಗೆ ಹಗುರ, ನಿನ್ನ ಫೋನಿಗೆ ಭಾರ ಆಗಲ್ಲ.” ಲಸ್ಸಾದ್ ಎಂದರೆ ಅಳಿಯ. ಮೊಂಜಿಯಾಳಿಗೆ ಮಾತು ಹಿಡಿಸಿತು. ಆದರೆ ಅದನ್ನು ಬಾಯಿಬಿಟ್ಟರೆ ಗಂಜಿಯೂ ನಿಲ್ಲುತ್ತದೆ, ಮಿಠಾಯಿಯೂ ನಿಲ್ಲುತ್ತದೆ. ಜೀವಮಾನವಿಡೀ ಬೇರೆಯವರಿಗೆ ಬಡಿಸಿದವಳಿಗೆ ಬಡಿಸಿಕೊಳ್ಳುವ ಸುಖ ಹೊಸದು. ಇನ್ನಷ್ಟು ದಿನ ಇರಲಿ ಎಂದು ಸುಮ್ಮನಿದ್ದಳು.

ಒಳಗೊಳಗೆ ಮಾತ್ರ ಒಂದು ಕೊರಗು ಇತ್ತು. ರೀಮ್‌ಗೆ ತಿಂಗಳು ತುಂಬಿತ್ತು, ಚೊಚ್ಚಲು. ಹೆರಿಗೆಗೆ ಹೋಗಬೇಕೆಂದು ಮೊಂಜಿಯಾ ತಿಂಗಳುಗಟ್ಟಲೆ ಓಡಾಡಿದ್ದರೂ ಕಾಗದಪತ್ರ ಕೂಡಿಬಂದಿರಲಿಲ್ಲ. ಹೊಲಿದಿಟ್ಟ ಪುಟ್ಟ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡುವುದು, ಮತ್ತೆ ಮಡಚಿ ಇಡುವುದು, ಇದೇ ಆಗಿತ್ತು.

ಕಡೆಗೆ ದಲೀಲಾಳ ತಾಳ್ಮೆ ತಪ್ಪಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹಡಗು ಹತ್ತಿ ಬಂದೇಬಿಟ್ಟಳು. ತಲೆಗೆ ರೇಷ್ಮೆ ವಸ್ತ್ರ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಇನ್ನೊಂದು ಡಬ್ಬಿ.

“ಕೊಡಿಲ್ಲಿ ಫೋನು. ನಾನೇ ಹಾಕಿಕೊಟ್ಟು ಮಧ್ಯಾಹ್ನದ ಹಡಗಿಗೆ ಹೋಗ್ತೀನಿ. ಆ ಗೋಡೆ ಆಚೆಯವಳಿಗೆ ನಾನು ಬಂದಿದ್ದು ಗೊತ್ತಾಗೋದೂ ಬೇಡ.”

ಮೊಂಜಿಯಾ ಚಹಾ ಕುದಿಸಲು ಒಳಗೆ ಹೋದಳು. ದಲೀಲಾ ಜಗಲಿಯಲ್ಲಿ ಕೂತು ಗಾಜು ಒತ್ತಿದಳು, ಉಜ್ಜಿದಳು, ಬೈದಳು. ಚಹಾ ಬಂತು, ಆರಿತು. ಅಷ್ಟರಲ್ಲಿ ಗಾಳಿ ಎದ್ದಿತು. ಖರ್ಜೂರದ ಮರಗಳು ಒಂದೇ ಕಡೆಗೆ ಬಾಗಿದವು; ಕಡಲು ಬೆಳ್ಳಗೆ ನೊರೆ ಕಾರಿತು.

“ನಿಮ್ಮ ದ್ವೀಪದಲ್ಲಿ ನೆಟ್‌ವರ್ಕೇ ಇಲ್ವಲ್ಲೇ! ಗಾಳಿ ಬಂದ್ರೆ ಅದೂ ಹಾರಿಹೋಗುತ್ತಾ?”

“ಬೆಳಿಗ್ಗೆ ಇತ್ತಲ್ಲ ಅಕ್ಕಾ.”

“ಈಗಿಲ್ಲ. ಹಾಳು ದ್ವೀಪ. ಅದಕ್ಕೇ ನಾನು ಇಲ್ಲಿಂದ ಮದುವೆ ಮಾಡ್ಕೊಂಡು ಓಡಿಹೋಗಿದ್ದು.”

ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಕೂಗಿ ಹೇಳಿದರು, ಹಡಗು ನಿಂತಿದೆ, ಇವತ್ತಿಗೆ ಇನ್ನಿಲ್ಲ ಎಂದು. ದಲೀಲಾ ಕಪ್ಪು ಕನ್ನಡಕ ತೆಗೆದು ತಂಗಿಯ ಮುಖ ನೋಡಿದಳು. ಮೊಂಜಿಯಾ ನಗು ಬರದಂತೆ ತುಟಿ ಕಚ್ಚಿಕೊಂಡು, “ಹಾಸಿಗೆ ಬಿಸಿಲಿಗೆ ಹಾಕಿದ್ದೆ, ಒಳ್ಳೇದಾಯ್ತು,” ಎಂದಳು.

ಅದೇ ಹೊತ್ತಿಗೆ ಗೋಡೆಯಾಚೆ ಬೇಯಾ, ಗಂಡ ಬಿಟ್ಟುಹೋಗಿದ್ದ ಫೋನನ್ನು ಕೈಗೆತ್ತಿಕೊಂಡಳು. ಹಮ್ಮಾದಿ ದೋಣಿಯ ಹಗ್ಗ ಬಿಗಿಯಲು ದಂಡೆಗೆ ಓಡಿದ್ದ. ಗಾಳಿ ಇನ್ನೆಷ್ಟು ಹೊತ್ತು ಎಂದು ನೋಡೋಣವೆಂದು ಅವಳು ‘ಹವಾಮಾನ’ ಎಂದು ಹೆಸರಿಟ್ಟಿದ್ದ ಫೋಲ್ಡರನ್ನು ಒತ್ತಿದಳು. ಗಂಡ ದಿನಕ್ಕೆ ಹತ್ತಾರು ಸಲ ಅದನ್ನು ತೆರೆಯುವುದನ್ನು ಕಂಡಿದ್ದಳು. ಪಾಪ, ಮೀನುಗಾರನಲ್ಲವೇ, ಗಾಳಿ ನೋಡುತ್ತಾನೆ ಎಂದುಕೊಂಡಿದ್ದಳು. ಅದರೊಳಗೆ ಗಾಳಿಯೂ ಇರಲಿಲ್ಲ, ಮೋಡವೂ ಇರಲಿಲ್ಲ. ನೀಲಿ ಆ್ಯಪು ಕೂತಿತ್ತು. ತೆರೆದರೆ ಮಲ್ಲಿಗೆ ಹೂವು. ‘ಶುಭೋದಯ ನನ್ನ ಮುದ್ದು ತಮ್ಮಾ.’ ಅದರ ಕೆಳಗೆ ಹಮ್ಮಾದಿಯ ಉತ್ತರ: ‘ನಿನ್ನ ಮಿಠಾಯಿಯಂಥದ್ದು ಈ ಮನೆಯಲ್ಲಿ ಯಾರಿಗೂ ಬರಲ್ಲ ಅಕ್ಕಾ.’

ಬೇಯಾಳ ಕಿವಿ ಬಿಸಿಯಾಯಿತು. ಫೋನನ್ನು ಬಾವಿಗೆ ಎಸೆಯುವುದೋ, ಅದರ ಒಡೆಯನನ್ನೇ ಎಸೆಯುವುದೋ ಎಂದು ಯೋಚಿಸುತ್ತಿರುವಾಗಲೇ ಫೋನು ಟಿಣ್ ಎಂದಿತು. ಅದೇ ನೀಲಿಯಲ್ಲಿ ಲಸ್ಸಾದ್ ಬರೆದಿದ್ದ: ‘ಮಾವಾ, ರೀಮ್‌ಳನ್ನ ಆಸ್ಪತ್ರೆಗೆ ಸೇರಿಸಿದೀವಿ. ನೋವು ಶುರುವಾಗಿದೆ. ಅತ್ತೆಯ ಫೋನ್ ಹತ್ತುತ್ತಿಲ್ಲ. ಅವರ ಜೊತೆ ಮಾತಾಡ್ಬೇಕು ಅಂತಿದಾಳೆ. ದಯವಿಟ್ಟು ಓಡಿ ಹೋಗಿ ಹೇಳಿ.’

ಬೇಯಾ ಒಲೆ ಆರಿಸಿದ್ದಳೋ ಇಲ್ಲವೋ ನೆನಪಿಲ್ಲದೆ ಓಡಿದಳು.

ಮೊಂಜಿಯಾಳ ಅಂಗಳಕ್ಕೆ ನುಗ್ಗಿದವಳಿಗೆ ಮೊದಲು ಕಂಡದ್ದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ದಲೀಲಾ. ಹೊಟ್ಟೆಯಲ್ಲಿದ್ದ ಸಿಟ್ಟೂ, ಬಾಯಲ್ಲಿದ್ದ ಸುದ್ದಿಯೂ ಒಂದೇ ಬಾಗಿಲಲ್ಲಿ ಹೊರಡಲು ಹೋಗಿ ಸಿಕ್ಕಿಕೊಂಡವು.

“ಮುದ್ದು ತಮ್ಮನಂತೆ, ಮುದ್ದು ತಮ್ಮ! ರೀಮ್‌ಗೆ ನೋವು ಬಂದಿದೆ! ನನ್ನ ಮಿಠಾಯಿಗೇನಾಗಿದೆ ದೊಡ್ಡತ್ತಿಗೆ, ಹೇಳಿ? ಅತ್ತಿಗೆ, ಆಸ್ಪತ್ರೆಗೆ ಸೇರಿಸಿದಾರೆ ಅಂತ ಅಳಿಯ ನೀಲಿಯಲ್ಲಿ ಬರೆದಿದಾರೆ, ನಿಮ್ಮ ಫೋನ್ ಯಾಕೆ ಹತ್ತಲ್ಲ?”

ಮೊಂಜಿಯಾಳ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. “ಯಾವಾಗ? ಏನಂದ್ರು? ಸರಿಯಾಗಿ ಹೇಳೇ!”

ಬೇಯಾ ದಲೀಲಾಳ ಕೈಯಿಂದ ಫೋನು ಕಸಿದುಕೊಂಡು ಮೇಲುಗಡೆ ಕಣ್ಣಾಡಿಸಿದಳು. “ಅಯ್ಯೋ ದೇವರೇ, ಈ ವಿಮಾನದ ಚಿತ್ರ ಒತ್ತಿದ್ಯಾರು? ಇದನ್ನ ಒತ್ತಿದ್ರೆ ಫೋನ್ ಸತ್ತ ಹಾಗೇ!”

ದಲೀಲಾ ಬೆಕ್ಕಿನ ಮರಿಯ ದನಿಯಲ್ಲಿ ಹೇಳಿದಳು: “ನಾನು... ಫ್ರಾನ್ಸಿಗೆ ಮಾತಾಡೋಕೆ ವಿಮಾನ ಒತ್ತಬೇಕೇನೋ ಅಂದ್ಕೊಂಡೆ.”

ಬೇರೆ ದಿನವಾಗಿದ್ದರೆ ಬೇಯಾ ಅದನ್ನು ಊರಿಡೀ ಸಾರುತ್ತಿದ್ದಳು. ಆದರೆ ದಲೀಲಾಳ ಕಣ್ಣು ತುಂಬಿದ್ದನ್ನು ಕಂಡು, “ಎಲ್ಲರಿಗೂ ಆಗುತ್ತೆ ಬಿಡಿ,” ಎಂದು ಚಿತ್ರವನ್ನು ಒತ್ತಿದಳು. ಫೋನು ಉಸಿರು ಬಂದಂತೆ ನಡುಗಿತು. ಲಸ್ಸಾದ್ ಮಾಡಿದ್ದ ಕರೆಗಳ ಸುದ್ದಿ ಒಂದರ ಹಿಂದೊಂದು ಬಂತು. ಮೊಂಜಿಯಾ ಕರೆ ಹಚ್ಚಿದಳು. ಅತ್ತ ಯಾರೂ ಎತ್ತಲಿಲ್ಲ.

“ಹೆರಿಗೆ ಕೋಣೇಲಿ ಇರ್ತಾರೆ ಅತ್ತಿಗೆ. ಬರೆದು ಕಳಿಸಿದ್ರೆ ಬಿಡುವಾದಾಗ ನೋಡ್ತಾಳೆ. ಹಸಿರು ಹಾಕ್ಲಾ?”

“ನೀಲಿ ಹಾಕು, ಅಳಿಯ ನೀಲಿಯಲ್ಲೇ ತಾನೆ ಬರೆದಿದ್ದು!” ಎಂದಳು ದಲೀಲಾ.

“ಎರಡೂ ಬೇಡ,” ಎಂದಳು ಮೊಂಜಿಯಾ. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಇಬ್ಬರೂ ತಿರುಗಿ ನೋಡಿದರು. “ಕಿತ್ತಳೆ ಬಣ್ಣದ್ದಿದೆಯಲ್ಲ, ಅದು ಹಾಕು. ನನ್ನ ಮಗಳು ಅದರಲ್ಲಿದಾಳೆ.”

“ಅದರಲ್ಲಿ ಬೇರೆ ಯಾರೂ ಇಲ್ವಲ್ಲ ಅತ್ತಿಗೆ?”

“ಯಾರೂ ಇಲ್ಲ ಅಂತಲೇ. ಎರಡು ವರ್ಷದಿಂದ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಬೆನ್ನು ಬಿದ್ದುಹೋಗಿದೆ. ನನ್ನ ಹತ್ರ ಮಾತಾಡ್ಬೇಕು ಅನ್ನೋರು ಅಲ್ಲಿಗೆ ಬರ್ಲಿ. ಬರದವರು ಮನೇಲಿರ್ಲಿ.”

ಬೇಯಾ ಹುಡುಕಿದಳು. ಕಿತ್ತಳೆ ಆ್ಯಪು ಇಳಿಯಿತು. ಜಾಗ ಸಾಲದೆಂದು ಫೋನು ಗೊಣಗಲೂ ಇಲ್ಲ. ನಂಬರು ಕೇಳಿತು, ಕೊಟ್ಟರು. ಗುಟ್ಟಿನ ಸಂಖ್ಯೆ ಬಂತು, ದಲೀಲಾ ಓದಿ ಹೇಳಿದಳು, ಬೇಯಾ ಒತ್ತಿದಳು. ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ರೀಮ್‌ಳ ಹೆಸರು ಕಂಡಿತು.

“ಏನು ಬರೀಲಿ ಅತ್ತಿಗೆ?”

“ನಾನೇ ಬರೀತೀನಿ.”

ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟವಳು ಮೊಂಜಿಯಾ. ತೋರುಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅತ್ತಿಗೆ ನಾದಿನಿ ಬಗ್ಗಿ ನೋಡಿದರು. ಎಷ್ಟೋ ಹೊತ್ತಿನ ಮೇಲೆ ಗಾಜಿನ ಮೇಲೆ ಮೂಡಿದ್ದು ಇಷ್ಟೇ: ‘ಅಮ್ಮ ಇಲ್ಲೇ ಇದೀನಿ.’

ಕಳಿಸಿದ ಮೇಲೆ ಮೂವರೂ ಜಗಲಿಯಲ್ಲಿ ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಅಕ್ಷರವಿಲ್ಲ, ಒಂದು ಕೆಂಪು ಹೃದಯ. ಮೊಂಜಿಯಾ ಫೋನನ್ನು ಎದೆಗೆ ಒತ್ತಿಕೊಂಡು ಅತ್ತಳು. ಅವಳನ್ನು ನೋಡಿ ದಲೀಲಾ ಅತ್ತಳು. ಬೇಯಾ, “ಶುಭ ಕಾರ್ಯಕ್ಕೆ ಅಳ್ತಾರೇನ್ರೀ,” ಎಂದು ಗದರುತ್ತ ತಾನೂ ಮೂಗು ಒರೆಸಿಕೊಂಡಳು.

ಹಮ್ಮಾದಿ ದಂಡೆಯಿಂದ ಬಂದಾಗ ಅಕ್ಕಂದಿರು, ಹೆಂಡತಿ ಒಂದೇ ಚಾಪೆಯ ಮೇಲೆ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತ. ಯಾರೋ ಸತ್ತಿರಬೇಕೆಂದು ಅವನಿಗೆ ಅನಿಸಿತು.

“ಬನ್ನಿ, ಬನ್ನಿ ಮುದ್ದು ತಮ್ಮ,” ಎಂದಳು ಬೇಯಾ ಸಕ್ಕರೆಯಂಥ ದನಿಯಲ್ಲಿ. “ಹವಾಮಾನ ಹೇಗಿದೆ?”

ಹಮ್ಮಾದಿ ಜೇಬು ತಡಕಿದ. ಫೋನಿಲ್ಲ. ಮುಖ ಬಿಳಿಚಿತು. “ಅದು... ಒಬ್ಬರ ಜೊತೆ ಮಾತು ಬಿಟ್ಟು ಇನ್ನೊಬ್ಬರ ಜೊತೆ ಹೇಗಿರ್ಲಿ? ಒಬ್ಬಳು ಅಕ್ಕ, ಒಬ್ಬಳು ಹೆಂಡ್ತಿ...”

ದಲೀಲಾಳಿಗೇ ಮೊದಲು ನಗು ಬಂದದ್ದು. ಅವಳು ನಕ್ಕಳೆಂದು ಬೇಯಾಳೂ ನಕ್ಕಳು. ನಗುತ್ತಲೇ ದಲೀಲಾ ಹೇಳಿದಳು: “ಆ ಫೋಟೋ ಹಾಕ್ದಾಗ ನನಗೆ ಎಷ್ಟು ನೋವಾಯ್ತು ಗೊತ್ತಾ ನಿನಗೆ? ಬೀಗರೆಲ್ಲ ನೋಡಿದ್ರು.”

“ಗೊತ್ತು,” ಎಂದಳು ಬೇಯಾ. “ಅವತ್ತೇ ತೆಗೆದುಹಾಕ್ಬೇಕಿತ್ತು. ನೀವು ಗ್ರೂಪ್ ಬಿಟ್ಟು ಹೋದ ಮೇಲೆ ನನಗೂ ಹಟ ಬಂತು. ತಪ್ಪಾಯ್ತು ದೊಡ್ಡತ್ತಿಗೆ.”

ದಲೀಲಾ ಮಿಠಾಯಿ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದಳು. ಬೇಯಾ ಒಂದನ್ನು ಬಾಯಿಗೆ ಹಾಕಿ, ಅಗಿದು, ಗಂಡನ ಕಡೆ ತಿರುಗಿ, “ಇದೇನಾ ಅಷ್ಟೊಂದು ಹೊಗಳಿದ್ದು?” ಎಂದಳು. ಆದರೂ ಇನ್ನೊಂದಕ್ಕೆ ಕೈ ಹಾಕಿದಳು.

ಸೂರ್ಯ ಮುಳುಗುವ ಮೊದಲೇ ದಲೀಲಾ, ಬೇಯಾ, ಹಮ್ಮಾದಿ ಮೂವರ ಫೋನಿಗೂ ಕಿತ್ತಳೆ ಬಂದಿತ್ತು. ಗ್ರೂಪಿಗೆ ಏನು ಹೆಸರಿಡುವುದು ಎಂದು ದಲೀಲಾ ಮತ್ತು ಬೇಯಾ ವಾದಕ್ಕೆ ಇಳಿದಿದ್ದರು. ಆಗ ಮೊಂಜಿಯಾಳ ಫೋನು ಸದ್ದು ಮಾಡಿತು. ಫೋಟೋ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖ, ಮುಚ್ಚಿದ ಕಣ್ಣು, ಗಲ್ಲದ ಕೆಳಗೆ ಬಿಗಿದ ಪುಟ್ಟ ಮುಷ್ಟಿ. ಬೇಯಾ ಬಾಯಿಗೆ ಕೈ ಅಡ್ಡ ಹಿಡಿದು, ನಾಲಿಗೆ ಆಡಿಸುತ್ತ, ಓಣಿಗೆಲ್ಲ ಕೇಳುವಂತೆ ಸಂಭ್ರಮದ ಉಲಿ ಹಾಕಿದಳು. ಪಕ್ಕದ ಮನೆಗಳಿಂದ ಅದಕ್ಕೆ ಉತ್ತರವಾಗಿ ಇನ್ನಷ್ಟು ಉಲಿಗಳು ಎದ್ದವು.

“ಮೂಗು ನಮ್ಮ ಕಡೇದು,” ಎಂದಳು ದಲೀಲಾ.

“ಪಾಪ, ಮಗು ಈಗ ತಾನೆ ಹುಟ್ಟಿದೆ, ಅದರ ಮೇಲೆ ಅಷ್ಟು ದೊಡ್ಡ ಅಪವಾದ ಹೊರಿಸ್ಬೇಡಿ,” ಎಂದಳು ಬೇಯಾ.

ಫೋಟೋದ ಕೆಳಗೆ ಒಂದು ಸಾಲು ಬರಹವಿತ್ತು. ಹಮ್ಮಾದಿ ಬಗ್ಗಿ ಓದಲು ಬಾಯಿ ತೆರೆದ. ಬೇಯಾ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ದಲೀಲಾ ತುಟಿಯ ಮೇಲೆ ಬೆರಳಿಟ್ಟಳು. ಮೊಂಜಿಯಾ ಫೋನನ್ನು ಬೆಳಕಿಗೆ ಹಿಡಿದು, ಬೆರಳನ್ನು ಅಕ್ಷರದ ಕೆಳಗೆ ಸರಿಸುತ್ತ, ತಡವರಿಸಿ ಓದಿದಳು: “ಹೆಣ್ಣು... ಮಗು. ಇಬ್ಬರೂ... ಕ್ಷೇಮ. ಹೆಸರು... ನ... ನವ್... ನವ್ವಾರ.”

“ನವ್ವಾರ,” ಎಂದಳು ಮತ್ತೊಮ್ಮೆ, ಈ ಸಲ ತಡವರಿಸದೆ. ಬಾದಾಮಿಯ ಮರ ಹೂ ಬಿಟ್ಟಾಗ ಅವರ ಕಡೆ ಹೇಳುವ ಮಾತು ಅದು. ಆಮೇಲೆ ಕೂತಲ್ಲಿಂದ ಎದ್ದು, ಈ ಹೆಸರನ್ನು ಬರೆಯುವುದು ಹೇಗೆಂದು ತಾನೇ ಒತ್ತಿ ನೋಡಬೇಕು, ಯಾರೂ ಮಾತಾಡಿಸಬೇಡಿ ಎಂದು ಹೇಳಿ ಒಳಗೆ ಹೋದಳು.