ನಡುವಿನಿಂದ ಕೊಂಚ ಎಡಕ್ಕೆ

ಮತ್ತೆ ಕಿವಿಯ ಮೇಲೇ, ಎಡಗಿವಿಯ ಕೆಂಪುಹರಳಿನ ಓಲೆಯ ಮೇಲೇ ಬಂದು ನಿಂತಿತು ಅವ್ವನ ನೋಟ, ಮುಖಕ್ಕೆ ನಾಲ್ಕು ಬೆರಳು ಆಚೆಗೆ, ಅಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂಬಂತೆ, ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ತಾ ಅಂತ ಕೇಳಿದ್ದೂ ಆ ಓಲೆಯನ್ನೇ, ಸಿಕ್ತು ಕಣವ್ವ, ಜಯನಗರ ಕಾಂಪ್ಲೆಕ್ಸ್ ಹತ್ರಾನೇ ಸೀಟೂ ಸಿಕ್ತು ಎಂದು ಶಾಂತಾದೇವಿ ತಲೆ ತಗ್ಗಿಸಿ ಅವರೆಕಾಯಿಯ ರಾಶಿಗೆ ಕೈ ಹಾಕಿದಳು — ಹದಿನಾಲ್ಕು ತಿಂಗಳು, ಅಪ್ಪ ಹೋಗಿ ಹದಿನಾಲ್ಕು ತಿಂಗಳು, ಅಂದಿನಿಂದ ಅವ್ವ ಒಂದು ಸಲವೂ ಅವಳ ಮುಖವನ್ನು ನೇರ ನೋಡಿಲ್ಲ, ನೋಡುವುದಾದರೂ ಹೇಗೆ, ಗಂಡ ಉಸಿರೆಳೆಯುತ್ತಿದ್ದಾಗ ನಾಳೆ ಹೊರಡ್ತೀನಿ ಅಂದ ಮಗಳ ಮುಖ. ಇವತ್ತೂ ನೋಡದಿದ್ದರೆ ಅಲ್ಲಿಗೆ ಮುಗಿಯಿತು, ಚೀಲದಲ್ಲಿ ಕಾಗದವಿದೆ, ಮೂರು ವರ್ಷ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲೇ ಇರಲು ಒಪ್ಪಿಗೆ ಎಂದು ಸಹಿ ಹಾಕಿ ನಾಳೆ ಸೋಮವಾರ ಆಫೀಸಿಗೆ ಕೊಟ್ಟುಬಿಡುವುದು, ಯಡಿಯೂರು ಕೆರೆ ಪಕ್ಕದ ರೂಮು ಖಾಲಿ ಮಾಡುವುದು, ಭಾನುವಾರ ಭಾನುವಾರ ಕೋಣನಕುಂಟೆಗೆ ಬಂದು ಹೀಗೆ ಬರೀ ಓಲೆಯಾಗಿ ಕೂರುವುದು ತಪ್ಪುತ್ತದೆ, ಅವ್ವನಿಗೂ ಹಿಂಸೆ ತಪ್ಪುತ್ತದೆ.

ಅವರೆ ಹರಡಿದ್ದು ಅವಳದೇ ಕಾಗದದ ಮೇಲೆ, ಅಂಚಿನುದ್ದಕ್ಕೂ ತೂತುಗಳ ಸಾಲಿರುವ ಹಳೇ ಕಂಪ್ಯೂಟರ್ ಹಾಳೆ, ಒಲೆ ಹೊತ್ತಿಸಲಾದರೂ ಆಗಲಿ ಎಂದು ಅವಳೇ ತಂದುಕೊಟ್ಟಿದ್ದು, ಕಾಳು ಸರಿದಲ್ಲೆಲ್ಲ ಅವಳ ಪ್ರೋಗ್ರಾಮಿನ ಸಾಲುಗಳು ಇಣುಕುತ್ತವೆ, ಪೂರ್ವಕ್ಕೆ ಒಂದು ಹೆಜ್ಜೆ, ನಡುವಿಗೆ ಬಾ, ಉತ್ತರಕ್ಕೆ ಒಂದು ಹೆಜ್ಜೆ, ನಡುವಿಗೆ ಬಾ — ಮಸುಕು ನಕ್ಷತ್ರವನ್ನು ಅಳೆಯಬೇಕಾದರೆ ಅದರ ಪಕ್ಕದ ಬರಿಯ ಆಕಾಶವನ್ನೂ ಅಳೆಯಬೇಕು, ಇದರಿಂದ ಅದನ್ನು ಕಳೆಯಬೇಕು, ಉಳಿದದ್ದೇ ನಕ್ಷತ್ರ, ಅಲ್ಲಿಗೂ ಇಲ್ಲಿಗೂ ದೂರದರ್ಶಕವನ್ನು ಸರಿಸಲು ಗುಂಡಿ ಒತ್ತಿ ಒತ್ತಿ ಚಳಿಗೆ ಎಲ್ಲರ ಬೆರಳು ಮರಗಟ್ಟುತ್ತಿತ್ತು, ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸು ಎಂದು ಅವಳನ್ನು ಬೆಟ್ಟಕ್ಕೆ ಕಳಿಸಿದ್ದರು, ಎಂಬತ್ತಾರರ ನವೆಂಬರ್. ಮೊದಲ ರಾತ್ರಿ ದೂರದರ್ಶಕ ಹೋಯಿತು ಬಂತು, ಹೋಯಿತು ಬಂತು, ನಲವತ್ತನೇ ಸುತ್ತಿಗೆ ನಕ್ಷತ್ರವೇ ಇಲ್ಲ, ಜೊತೆಯ ಎಂಜಿನಿಯರ್ ಅನಂತರಾಮು ನಕ್ಕಿದ್ದೇ ನಕ್ಕಿದ್ದು, ಏನ್ ಮೇಡಂ, ನಿಮ್ ಟೆಲಿಸ್ಕೋಪು ಮನೆ ಮರ್ತಿರೋ ಹಸು ಆಗೋಯ್ತಲ್ಲ — ಹೆಜ್ಜೆಯನ್ನು ಹಿಂದಿನ ಹೆಜ್ಜೆಯಿಂದ ಅಳೆದಿದ್ದಳು, ನಡುವಿನಿಂದ ಅಳೆಯಬೇಕಿತ್ತು, ಪ್ರತಿ ಸಲ ಮರಳುವಾಗಲೂ ಕೂದಲೆಳೆಯಷ್ಟು ದೂರ ಉಳಿದುಬಿಡುತ್ತಿತ್ತು, ಕೂದಲಿಗೆ ಕೂದಲು ಸೇರಿ ಜಡೆಯಾಗಿತ್ತು. ಮಾರನೆಯ ಮಧ್ಯಾಹ್ನ ಅದನ್ನೇ ತಿದ್ದುತ್ತ ಕೂತಾಗ ತಂತಿ ಬಂತು, ಅಪ್ಪನಿಗೆ ಜೋರಾಗಿದೆ ತಕ್ಷಣ ಹೊರಡು, ಜೀಪ್ ಹೇಳ್ಲಾ ಮೇಡಂ ಎಂದ ಅನಂತರಾಮು, ಈಗ ನಗದೆ, ಬೇಡ, ಇನ್ನೆರಡು ಸಾಲು ಇದೆ, ಬೆಳಗ್ಗೆ ಹೊರಡ್ತೀನಿ, ನಮ್ಮಪ್ಪಂಗೆ ದಮ್ಮು ಬರೋದು ಹೋಗೋದು ಇದ್ದಿದ್ದೇ ಅಂದಳು, ನಾಳೆ ಬರ್ತೀನಿ ಅಂತ ತಂತಿಯನ್ನೂ ಕಳಿಸಿದಳು, ಅಂದದ್ದು ಈ ಬಾಯೇ, ಈಗ ಹಸಿ ಅವರೆಕಾಳೊಂದನ್ನು ಸುಮ್ಮನೆ ಜಗಿಯುತ್ತಿರುವ ಬಾಯಿ. ಎರಡು ಸಾಲು ಸರಿಹೋದವು, ಸಖತ್ ಮೇಡಂ ಎಂದ ಅನಂತರಾಮು, ದೂರದರ್ಶಕ ನೂರು ಸಲ ಹೋಗಿ ನೂರು ಸಲವೂ ನಡುವಿಗೆ ಬಂತು, ಅವಳು ಊರಿಗೆ ಬಂದದ್ದು ಮರುದಿನ ಸಂಜೆ, ಅಪ್ಪನನ್ನು ಮಣ್ಣು ಮಾಡಲು ಮೂರರವರೆಗೂ ಕಾದರಂತೆ, ನೀಲಗಿರಿ ತೋಪಿನ ಪಕ್ಕ ಮಣ್ಣು ಇನ್ನೂ ಹಸಿಯಾಗಿತ್ತು, ಬಾಗಿಲಲ್ಲಿ ನಿಂತಿದ್ದ ಅವ್ವ ಬಂದ್ಯಾ ಅಂದಳು — ಓಲೆಗೆ ಅಂದಳು.

ಗೋಡೆಯಾಚೆ ಪಕ್ಕದ ಮನೆಯ ಮಂಗಮ್ಮನ ತಲೆ ಎದ್ದಿತು, ಏನ್ ಅಕ್ಕಯಮ್ಮ, ಮಗ್ಳು ಬಂದವ್ಳೆ, ಕೇಳು ಒಸಿ, ನಮ್ ಮೊಮ್ಮಗಳ ಮದ್ವೆ ಯಾವಾಗಂತೆ, ಆ ನಕ್ಷತ್ರಗಳು ಏನಂತಾವಂತೆ, ಅಯ್ಯೋ ಬಿಡೇ, ಅವಕ್ಕೆ ನಿನ್ ಮೊಮ್ಮಗಳ ಬಾಯಿ ಗೊತ್ತು, ಅದ್ಕೇ ಅಷ್ಟು ದೂರ ಓಡೋಗವೆ ಎಂದಳು ಅವ್ವ, ಎಂದದ್ದು ಮಂಗಮ್ಮನಿಗಲ್ಲ, ಮಂಗಮ್ಮನ ಪಕ್ಕದ ನುಗ್ಗೆಮರಕ್ಕೆ, ಮಂಗಮ್ಮ ನಗುತ್ತ ಮುಳುಗಿದಳು, ನುಗ್ಗೆಮರ ಅಲ್ಲೇ ಉಳಿಯಿತು — ಮಂಗಮ್ಮನ ಮೇಲೂ ಸಿಟ್ಟೇ ಅವ್ವನಿಗೆ, ಕಾಫಿಪುಡಿ ಸಾಲ ಕೊಡುವ ಮಂಗಮ್ಮನ ಮೇಲೆ? ಅವ್ವನ ಕೈಯಲ್ಲೊಂದು ಅವರೆಕಾಯಿ, ಎದೆಯ ಮಟ್ಟಕ್ಕೆ ಹಿಡಿದಿದ್ದಾಳೆ, ಕಣ್ಣು ಮಾತ್ರ ಅದರಾಚೆಯ ಕಂಬದ ಮೇಲೆ, ಕಂಬವನ್ನೇ ನೋಡುತ್ತ ಕಾಯಿಯನ್ನು ತಿರುಗಿಸಿದಳು, ಥೂ ಹುಳ ಎಂದು ಹಾಳೆಯಾಚೆ ಎಸೆದಳು, ಶಾಂತಾದೇವಿ ಎತ್ತಿಕೊಂಡು ನೋಡುತ್ತಾಳೆ, ತೂತಿದೆ, ಸೂಜಿಮೊನೆಯಷ್ಟು, ಕಾಯಿಯ ಮೇಲೂ ಸಿಟ್ಟೇ? ಅವ್ವಾ, ನನ್ನ ನೋಡು. ನೋಡ್ತಾನೇ ಇವ್ನಿ. ಹಂಗಲ್ಲ, ನೇರ ನೋಡು. ನೇರ ನೋಡಿದ್ರೆ ನೀನೆಲ್ಲಿ ಇರ್ತೀಯವ್ವ, ನಟ್ಟನಡುವೆ ಬಾಣಲೆ ತಳ ಇಟ್ಟಂಗೆ ಕರ್ರಗೆ ಕಾಣ್ತದೆ, ನಿಮ್ಮಪ್ಪ ಇದ್ದಾಗ್ಲೇ ಸುರುವಾಯ್ತು, ಒಸಿ ಪಕ್ಕಕ್ಕೆ ನೋಡಿದ್ರೆ ಮೂಗು ಬಾಯಿ ಎಲ್ಲಾ ಸಿಗ್ತದೆ. ಯಾಕವ್ವ ಹೇಳ್ಲಿಲ್ಲ ಇಷ್ಟು ದಿನ. ಯಾವಾಗ ಹೇಳ್ಲಿ, ಬತ್ತೀಯ, ತಲೆ ಬಗ್ಗಿಸ್ಕೊಂಡು ಕೂತ್ಕತ್ತೀಯ, ನಿನ್ ಬೈತಲೆ ನೋಡಿ ನೋಡಿ ನಂಗೂ ಸಾಕಾಗೈತೆ.

ಅವತ್ತು ನಾನು ಬರ್ಲಿಲ್ಲವ್ವ, ಬರಬಹುದಿತ್ತು, ಜೀಪ್ ಇತ್ತು — ಮಾತು ಹೊರಗೆ ಬಂತೋ ಒಳಗೇ ಉಳಿಯಿತೋ, ಬಂದಿರಬೇಕು, ಅವ್ವನ ಕೈ ನಿಂತಿತು, ಊಂ, ಬರ್ಲಿಲ್ಲ, ಅದ್ಕೆ ಬೈದೆ, ನಿಮ್ಮಪ್ಪನ ಪೋಟೋ ಮುಂದೆ ಕೂತ್ಕೊಂಡು ಒಂದ್ ವಾರ ಬೈದೆ, ಬೈದು ಮುಗೀತು, ಈಗ ತಲೆ ಎತ್ತು, ಅಲ್ಲಾಡ್ಬ್ಯಾಡ, ಅಲ್ಲಾಡಿದ್ರೆ ತಪ್ಪೋಗ್ತೀಯ. ಎತ್ತಿದಳು. ನಾಳೆ ಆಫೀಸಲ್ಲ, ನಾಳೆ ಕಣ್ಣಾಸ್ಪತ್ರೆ, ಏಳಕ್ಕೇ ಹೋಗಿ ಚೀಟಿಗೆ ನಿಲ್ಲಬೇಕು, ಚೀಲದ ಕಾಗದ ಚೀಲದಲ್ಲೇ ಇರಲಿ, ಕೆನ್ನೆಯ ಮೇಲೆ ಏನೋ ಹರಿದು ತುರಿಸುತ್ತಿದೆ, ಒರೆಸಿಕೊಂಡರೆ ಅಲ್ಲಾಡಿದಂತಾಗುತ್ತದೆ, ಒರೆಸಲಿಲ್ಲ, ಸೊರಗಿದ್ದೀಯ ಕಣೇ ಅನ್ನುತ್ತಿದ್ದಾಳೆ ಅವ್ವ, ಗದ್ದ ಥೇಟ್ ನಿಮ್ಮಪ್ಪಂದೇ, ಅನ್ನುತ್ತಲೇ ಇದ್ದಾಳೆ, ಎಡಗಿವಿ, ಕೆಂಪು ಹರಳು, ಅದರ ಮೇಲೆ ನೆಟ್ಟು ನಿಂತ ಅವ್ವನ ಎರಡು ಕಣ್ಣು