ಪಿ ಅಂದರೆ ಕ

ತ್ರ್ಯಂಬಕ ಮಾಸ್ತರರ ಮುಖ ನೋಡುವುದಕ್ಕೆ ಮೊದಲೇ ಪ್ರಮಿಳಾ ಅವರ ದನಿಯನ್ನು ಮೂರು ತಿಂಗಳು ಕೇಳಿದ್ದಳು. ಖಾನಾಪುರ ತಾಲೂಕಿನ ಕಾಡಂಚಿನ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ನಿವೃತ್ತಿಯ ಹೊತ್ತಿಗೆ ಎರಡೂ ಕಣ್ಣು ಕಳೆದುಕೊಂಡವರು ಅವರು. ತಮ್ಮ ನೆನಪುಗಳನ್ನು ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಹೇಳಿ, ಪುಸ್ತಕ ಮಾಡಿಕೊಡಿ ಎಂದು ಬೆಳಗಾವಿಯ ಹಣಮಪ್ಪನ ಪ್ರೆಸ್ಸಿಗೆ ಕಳಿಸಿದ್ದರು. ಅಲ್ಲಿ ಡಿಟಿಪಿ ಮಾಡುತ್ತಿದ್ದವಳು ಪ್ರಮಿಳಾ. ಪೀರನವಾಡಿಯಲ್ಲಿ ಕುರಿ ಸಾಕಿ ಬದುಕಿದ ಮನೆತನದಿಂದ ಬಂದು, ಆ ಮನೆಯಲ್ಲಿ ಮೊದಲು ಕಂಪ್ಯೂಟರು ಮುಟ್ಟಿದವಳು. ಹೆಡ್‌ಫೋನ್ ಸಿಕ್ಕಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಕೇಳಿ, ಇನ್ನೂರು ಪುಟ ಟೈಪು ಮಾಡಿದಳು.

ಕರಡು ತಿದ್ದಲು ಮಾಸ್ತರರು ಕಾಗದ ಕೇಳಲಿಲ್ಲ, ಸಿಡಿ ಕೇಳಿದರು. ಅವರ ಹೆಂಡತಿ ಕುಂದಾಬಾಯಿ ಓದುತ್ತಿದ್ದುದು ಮರಾಠಿ. ಕನ್ನಡ ಮಾತು ಚೆನ್ನಾಗಿ ಬಂದರೂ ಅಕ್ಷರ ಬರುತ್ತಿರಲಿಲ್ಲ. ಆದರೆ ಕುಂದಾಬಾಯಿಯ ಅಣ್ಣನ ಮಗ ಆಶಿಶ್ ಬೆಳಗಾವಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು. ಪರದೆಯ ಮೇಲಿನದನ್ನು ಇಂಗ್ಲಿಷಿನಲ್ಲಿ ಓದಿ ಹೇಳುವ ಪ್ರೋಗ್ರಾಮೊಂದನ್ನು ಅವರ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ನನ್ನ ಪುಸ್ತಕವನ್ನು ನಾನೇ ತಿದ್ದುತ್ತೇನೆ ಎಂಬುದು ಮಾಸ್ತರರ ಹಟ.

ಸಿಡಿ ಮುಟ್ಟಿದ ಮರುದಿನವೇ ಫೋನು ಬಂತು.

“ಏನ್ ಟೈಪ್ ಮಾಡೀಯವ್ವಾ ಇದು?”

“ನೀವು ಹೇಳಿದ್ದ ರೀ ಸರ್.”

“ನಾ ಯಾವಾಗ ಹೇಳೇನಿ? ಪಿ, ಎ, ಪೌಂಡ್, ಎ ಅಂತ ಬಡಬಡಸಾಕತ್ತೈತಿ. ನನ್ನ ಪುಸ್ತಕದಾಗ ಪೌಂಡ್ ಎಲ್ಲಿಂದ ಬಂತು?”

ಪ್ರಮಿಳಾ ಗಾಬರಿಯಿಂದ ಫೈಲು ತೆರೆದಳು. ಮುತ್ತು ಪೋಣಿಸಿದಂಥ ಕನ್ನಡ. ಮೊದಲ ಸಾಲನ್ನು ಫೋನಿನಲ್ಲೇ ಓದಿದಳು.

“ಹೌದು, ಅದ ನಾ ಹೇಳಿದ್ದು. ಮತ್ತ ಇದ್ಯಾಕ ಹಿಂಗ ಅಂತೈತಿ?”

ಅವಳಿಗೇನು ಗೊತ್ತು? ಸಿಡಿ ಕೆಟ್ಟಿರಬೇಕೆಂದು ಇನ್ನೊಂದು ಮಾಡಿ ಕಳಿಸಿದಳು. ಅದೂ ಹಾಗೆಯೇ. ಭಾನುವಾರ ಪೀರನವಾಡಿಯಲ್ಲೇ ಖಾನಾಪುರದ ಬಸ್ಸು ಹತ್ತಿದಳು.

ಮಾಸ್ತರರ ಮನೆಯ ಪರದೆ ನೋಡಿದಾಗ ಅವಳಿಗೆ ನಗು ಬಂತು. ಇಂಗ್ಲಿಷ್ ಅಕ್ಷರ, ಪೌಂಡ್, ಹಾಫ್, ಡಿಗ್ರಿಗಳ ಗುರುತು, ನೆತ್ತಿಯ ಮೇಲೆ ಗೀಟು ಹೊತ್ತ ಎ-ಗಳು ಸಾಲುಸಾಲು ನಿಂತಿದ್ದವು.

“ಫಾಂಟ್ ಹಾಕಿಲ್ರಿ ಸರ್, ಇಷ್ಟ!” ಎಂದು ಪ್ರೆಸ್ಸಿನಿಂದ ತಂದಿದ್ದ ಫಾಂಟು ಹಾಕಿದಳು. ಪರದೆಯ ತುಂಬ ಕನ್ನಡ ಮೂಡಿತು. “ಈಗ ಕೇಳ್ರಿ.”

“ಪಿ, ಎ, ಪೌಂಡ್, ಎ,” ಎಂದಿತು ಯಂತ್ರ.

ಪ್ರಮಿಳಾಳ ಕಣ್ಣೆದುರು ಕನ್ನಡ, ಕಿವಿಯಲ್ಲಿ ಅದೇ ಪೌಂಡು. ಅಷ್ಟರಲ್ಲಿ ಅತ್ತೆಯ ಮನೆಗೆ ಊಟಕ್ಕೆ ಬಂದಿದ್ದ ಆಶಿಶ್, ಹುಡುಕುವ ಕಿಂಡಿ ತೆರೆದು, ಆ ಕಂಪ್ಯೂಟರಿನಲ್ಲೇ ಇದ್ದ ಹೊಸ ಪದ್ಧತಿಯ ಕನ್ನಡದಲ್ಲಿ ‘ಖಾನಾಪುರ’ ಎಂದು ಹಾಕಿದ. ಸಿಗಲಿಲ್ಲ ಎಂದಿತು. ಮೊದಲ ಸಾಲಿನಲ್ಲೇ ಖಾನಾಪುರ ಇತ್ತು!

“ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ರಿ, ನಂಬರ್ ಅಷ್ಟ ಗೊತ್ತು,” ಎಂದ ಆಶಿಶ್. “ಪಿ ಅನ್ನೂದಕ್ಕ ಒಂದು ನಂಬರ್ ಐತಿ. ನಿಮ್ಮ ಫಾಂಟ್ ಮಾಡಿದವರು ಆ ನಂಬರಿನ ಮನ್ಯಾಗ ‘ಕ’ ಚಿತ್ರ ಇಟ್ಟಾರ. ನಿಮಗ ಕಾಣೂದು ಕ, ಮಷೀನಿಗೆ ಅದು ಪಿ-ನ. ಹೊಸ ಪದ್ಧತ್ಯಾಗ ಕನ್ನಡಕ್ಕ ತನ್ನವ ಬ್ಯಾರೆ ನಂಬರ್ ಅದಾವು.”

“ಹಂಗಾದ್ರ ನಾ ಆರು ವರ್ಷ ಟೈಪ್ ಮಾಡಿದ್ದು?”

“ಪ್ರಿಂಟಿಗೆ ಏನೂ ತೊಂದ್ರಿ ಇಲ್ರಿ. ಕಣ್ಣಿಗೆ ಅದು ಕನ್ನಡನ.”

“ಕಣ್ಣಿದ್ದವರಿಗೆ,” ಎಂದರು ಮಾಸ್ತರರು.

ವಾಪಸು ಬಸ್ಸಿನಲ್ಲಿ ಪ್ರಮಿಳಾಳ ತಲೆ ಗಿರ್ರೆನ್ನುತ್ತಿತ್ತು. ಎಷ್ಟು ಲಗ್ನಪತ್ರಿಕೆ, ಎಷ್ಟು ಪ್ರಶ್ನೆಪತ್ರಿಕೆ ಹೊಡೆದಿದ್ದಳು! ಅವೆಲ್ಲ ಪ್ರೆಸ್ಸಿನ ಕಂಪ್ಯೂಟರಿನೊಳಗೆ ಏನಾಗಿ ಕೂತಿವೆಯೋ. ಹಣಮಪ್ಪನಿಗೆ ಹೇಳಿದರೆ, “ಅಚ್ಚಿನಾಗ ಚಂದ ಬರತೈತಿಲ್ಲೋ?” ಎಂದು ಕೇಳಿ ಚಹಾ ಕುಡಿಯಲು ಹೋದ.

ಎರಡು ವಾರದ ಮೇಲೆ ಮತ್ತೆ ಫೋನು.

“ನಲವತ್ತೊಂದನೇ ಪುಟ ತಗಿ. ಮ್ಯಾಲಿಂದ ಮೂರನೇ ಸಾಲು. ಅಲ್ಲೆ ‘ಹಾಫ್’ ಇರಬೇಕಿತ್ತು, ‘ಡಿಗ್ರಿ’ ಐತಿ.”

ಮಾಸ್ತರರಿಗೆ ಭ್ರಮೆ ಹಿಡಿಯಿತೇ ಎಂದುಕೊಳ್ಳುತ್ತ ಪುಟ ತೆಗೆದಳು. ‘ನಮ್ಮ ಹಲ್ಲಿಯಲ್ಲಿ ಆಗ ಮೂವತ್ತೇ ಮನೆಗಳಿದ್ದವು’ ಎಂದಿತ್ತು. ಹಳ್ಳಿ ಹೋಗಿ ಹಲ್ಲಿಯಾಗಿತ್ತು. ಮೂರು ಸಲ ಓದಿದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಅಯ್ಯ, ನಿಮಗ ಹ್ಯಾಂಗ ತಿಳೀತ್ರಿ ಸರ್?”

“ಮೊದಲನೇ ಪುಟ ನನಗ ಬಾಯಿಪಾಠ. ಅದನ್ನ ಮನಸಿನ್ಯಾಗ ಅನ್ಕೋತ, ಇದು ಅನ್ನೂದನ್ನ ಕೇಳ್ಕೋತ ಹೊಂದಸಿದೆ. ಪಿ ಅಂದ್ರ ಕ. ಪೌಂಡ್ ಅಂದ್ರ ನ. ಹಾಫ್ ಅಂದ್ರ ಳಿ, ಡಿಗ್ರಿ ಅಂದ್ರ ಲಿ. ಮೂರನೇ ತರಗತಿ ಹುಡುಗರಿಗೆ ಕಲಿಸಿದ್ದಕ್ಕಿಂತ ಕಷ್ಟೇನಿಲ್ಲ ತಗೋ.”

ಆ ದಿನ ಮಾಸ್ತರರು ಒಂಬತ್ತು ತಪ್ಪು ಹೇಳಿದರು. ಒಂಬತ್ತೂ ಖರೆ. ತಿದ್ದುತ್ತ ಕೂತ ಪ್ರಮಿಳಾಳಿಗೆ ನಾಚಿಕೆಯೂ ಆಯಿತು, ಮೈ ಜುಮ್ಮೆಂದಿತು ಕೂಡ.

ಇಷ್ಟು ಕಷ್ಟಪಡುವ ಮನುಷ್ಯನಿಗೆ ಸರಿಯಾದ ಕನ್ನಡವನ್ನೇ ಕೊಡಬೇಕು ಎನ್ನಿಸಿತು ಅವಳಿಗೆ. ಆಶಿಶ್‌ನಿಂದ ಹೊಸ ಪದ್ಧತಿ ಕೇಳಿಕೊಂಡು, ಅವನ ಕಾಲೇಜಿನ ಕಂಪ್ಯೂಟರಿನಲ್ಲಿ ರಜಾದಿನಗಳಲ್ಲಿ ಕೂತು, ಮೊದಲ ಅಧ್ಯಾಯವನ್ನು ಹೊಸದಾಗಿ ಟೈಪು ಮಾಡಿದಳು. ‘ಹಳ್ಳಿ’ ಹುಡುಕಿದರೆ ಹದಿನಾರು ಕಡೆ ಸಿಕ್ಕಿತು. ಕುಣಿಯುವುದೊಂದು ಬಾಕಿ. ಸಿಡಿ ಹಿಡಿದು ಆಶಿಶ್‌ನ ಜೊತೆ ಖಾನಾಪುರಕ್ಕೆ ಹೋಗಿ ಮಾಸ್ತರರ ಕಂಪ್ಯೂಟರಿಗೆ ಹಾಕಿದಳು.

ಯಂತ್ರ ಸುಮ್ಮನಿತ್ತು. ಪಿ ಇಲ್ಲ, ಪೌಂಡ್ ಇಲ್ಲ, ಒಂದು ಉಸಿರೂ ಇಲ್ಲ.

“ಅಲ್ರೀ, ಸುಳ್ಳು ಕನ್ನಡ ಕೊಟ್ರ ಮಾತಾಡತಿತ್ತು. ಖರೇ ಕನ್ನಡ ಕೊಟ್ರ ಬಾಯಿ ಮುಚ್ಚೇತಲ್ಲ!” ಪ್ರಮಿಳಾಳಿಗೆ ಅಳು ಬಂದಂತಾಯಿತು.

“ಈಗ ಅದಕ್ಕ ಇದು ಕನ್ನಡ ಅಂತ ಗೊತ್ತಾಗೇತಿ,” ಎಂದ ಆಶಿಶ್, ತಾನೂ ತಲೆ ಕೆರೆಯುತ್ತ. “ಆದ್ರ ಅದರ ದನಿಗೆ ಕನ್ನಡ ಬರೂದಿಲ್ಲ. ಯಾರರೆ ಕಲಿಸಬೇಕು.”

ಮಾಸ್ತರರು, “ಕಲಿಯೂತನಕ ಕಾಯೂಣು. ಉಳದದ್ದೂ ಹಿಂಗ ಮಾಡಿಡವ್ವಾ. ನಾ ಇರ್ತೀನೋ ಇಲ್ಲೋ, ಕೇಳವರು ಇರ್ತಾರ,” ಎಂದರು.

ದೀಪಾವಳಿಗೆ ಹಳೆಯ ಫೈಲಿನಿಂದಲೇ ಪುಸ್ತಕ ಅಚ್ಚಾಯಿತು. ಉಳಿದ ಅಧ್ಯಾಯಗಳನ್ನು ಪ್ರಮಿಳಾ ಸಂಕ್ರಾಂತಿಯವರೆಗೂ ಟೈಪು ಮಾಡಿ, ಮಾತಾಡದ ಆ ಕನ್ನಡವನ್ನು ಸಿಡಿಗೆ ಹಾಕಿ ಒಯ್ದು ಕೊಟ್ಟಳು. ಅದರ ಮೇಲೆ ಏನೆಂದು ಬರೆಯಬೇಕೆಂಬುದು ಅವಳಿಗೆ ಹೊಳೆದಿರಲಿಲ್ಲ. ಕುಂದಾಬಾಯಿ ಪೆನ್ನು ಇಸಿದುಕೊಂಡು, ಖರೇ ಕನ್ನಡ ಎಂಬುದನ್ನು ತಮಗೆ ಬರುವ ಮರಾಠಿಯಲ್ಲೇ, ‘ಖರೀ ಕಾನಡಿ’ ಎಂದು ಬರೆದು ಕಪಾಟಿನಲ್ಲಿಟ್ಟರು.